1967ರ ಎಂ.ಜಿ.ಬಿ. ರೋಡ್‌ಸ್ಟರ್: ಬಿರುಕು ಬಿಟ್ಟ ಮುಂದಿನ ಗಾಜನ್ನು ಹುಬ್ಬಳ್ಳಿಯಲ್ಲಿ ಬದಲಿಸಬಹುದೇ?

ಪ್ರಶ್ನೆ: ಹಳೆಗಾಡಿ_ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇಂಗ್ಲೆಂಡಿನ ಹಳೆಯ ತೆರೆದ ಸ್ಪೋರ್ಟ್ಸ್ ಕಾರು, 1967ರ ಎಂ.ಜಿ.ಬಿ. ರೋಡ್‌ಸ್ಟರ್ ಇದೆ. ಬಲಗಡೆ ಸ್ಟಿಯರಿಂಗ್, ಕಡ್ಡಿಚಕ್ರಗಳು, ಬಟ್ಟೆಯ ಟಾಪ್, 1798 ಸಿ.ಸಿ. ಎಂಜಿನ್. ನಮ್ಮ ತಂದೆಯವರು ಇದನ್ನು ಬೆಳಗಾವಿಯ ನಿವೃತ್ತ ಸೇನಾಧಿಕಾರಿಯೊಬ್ಬರಿಂದ ಕೊಂಡಿದ್ದರು. ಅವರು ಇರುವವರೆಗೂ ಖಂಡೆನವಮಿಗೆ ಪೂಜೆ ಮಾಡಿ ಉಣಕಲ್ ಕೆರೆಯವರೆಗೆ ಒಂದು ಸುತ್ತು ಹೋಗಿಬರುವುದು ತಪ್ಪುತ್ತಿರಲಿಲ್ಲ. ಅದನ್ನು ನಾನೂ ನಡೆಸಿಕೊಂಡು ಬಂದಿದ್ದೇನೆ.

ಮೂರು ವಾರಗಳ ಹಿಂದೆ ಭಾನುವಾರ ಬೆಳಿಗ್ಗೆ ಧಾರವಾಡದಿಂದ ಹಿಂದಿರುಗುವಾಗ, ಬಿ.ಆರ್.ಟಿ.ಎಸ್. ರಸ್ತೆಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಎಂಜಿನ್ ಬಿಸಿಯಾಗುವುದು ಬೇಡವೆಂದು ನರೇಂದ್ರ ಕ್ರಾಸ್‌ನಿಂದ ಬೈಪಾಸ್ ಹಿಡಿದೆ. ಗಬ್ಬೂರು ಇನ್ನೂ ಆರೇಳು ಕಿಲೋಮೀಟರ್ ಇರುವಾಗ, ಮುಂದೆ ಹೋಗುತ್ತಿದ್ದ, ತಾಡಪತ್ರಿ ಹೊದಿಸದ ಖಡಿ ಟಿಪ್ಪರ್‌ನಿಂದ ಸಿಡಿದ ಕಲ್ಲೊಂದು ಗಾಜಿನ ಎಡಭಾಗಕ್ಕೆ, ಮೇಲಿನ ಪಟ್ಟಿಯಿಂದ ನಾಲ್ಕು ಬೆರಳು ಕೆಳಗೆ ಬಡಿಯಿತು. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ನಕ್ಷತ್ರದಂತಹ ಗುರುತು ಬಿತ್ತು. ಅಂದು ಅಷ್ಟೇ ಆಗಿತ್ತು. ನಾಲ್ಕು ದಿನ ಕಳೆದ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು ಶೆಡ್ಡಿಗೆ ತರಲು ಹೋದಾಗ, ಬಲಗಡೆಯ ಕೆಳಮೂಲೆಯಿಂದ ಹೊರಟ ಬಿರುಕೊಂದು ಬಿಲ್ಲಿನಂತೆ ಬಾಗಿ, ವೈಪರ್ ಓಡಾಡುವ ಜಾಗವನ್ನು ದಾಟಿ ಗಾಜಿನ ನಡುವಿನವರೆಗೆ ಬಂದಿತ್ತು. ಅದರ ತುದಿಗೆ ಮಾರ್ಕರ್‌ನಿಂದ ಗೆರೆ ಎಳೆದು ನೋಡುತ್ತಿದ್ದೇನೆ; ದಿನಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗುತ್ತಿದೆ.

ಗೋಕುಲ ರಸ್ತೆಯ ಕಡೆ ಮೂರು ಅಂಗಡಿಗಳಲ್ಲಿ ವಿಚಾರಿಸಿದೆ. ಮೊದಲನೆಯವರು ಗಾಡಿಯ ಹೆಸರು ಕೇಳಿ ಈಗಿನ ಎಂ.ಜಿ. ಕಂಪನಿಯ ಶೋರೂಮಿಗೆ ಹೋಗಿರೆಂದು ಹೇಳಿದರು. ಎರಡನೆಯವರು ಹಳೆಯ ಗಾಜು ತಂದುಕೊಟ್ಟರೆ ಅದೇ ಅಳತೆಗೆ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪೊರೆಯಿರುವ ಎರಡು ಪದರದ ಗಾಜು) ಕತ್ತರಿಸಿ ಕೊಡುತ್ತೇವೆ ಎಂದರು. ಮೂರನೆಯವರು ಎಂಟು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆ ತೋರಿಸಿ, ಇದಕ್ಕೆ ಕಲ್ಲು ಬಿದ್ದರೂ ಒಡೆಯುವುದಿಲ್ಲ ಎಂದು ಭರವಸೆ ಕೊಟ್ಟರು.

ನಾನು ತಿಳಿಯಬೇಕಾದದ್ದು ಇಷ್ಟು. ಇಲ್ಲಿಯೇ ಕತ್ತರಿಸಿದ ಗಾಜು ಈ ಗಾಡಿಗೆ ಹೊಂದುತ್ತದೆಯೇ, ಅಥವಾ ಇಂಗ್ಲೆಂಡಿನಿಂದ ತರಿಸಲೇಬೇಕೇ? ತರಿಸಿದರೆ ಕೂರಿಸುವವರು ಯಾರು? ಮತ್ತು ಈ ಗಾಜಿಗೆ ವಿಮೆಯಲ್ಲಿ ಏನಾದರೂ ಸಿಗುತ್ತದೆಯೇ?


ಉತ್ತರ: ಟಿ.ಡಿ._ಗದಗ

ನಮಸ್ಕಾರ ಸರ್. ನನ್ನದು 1951ರ ಎಂ.ಜಿ. ಟಿ.ಡಿ.; ನಿಮ್ಮ ಗಾಡಿಯ ಅಜ್ಜನ ಸಾಲಿನದು. ನಿಮ್ಮ ಎರಡನೆಯ ಅಂಗಡಿಯವರು ಹೇಳಿದ ಕೆಲಸವನ್ನು ನಾನು ನನ್ನ ಗಾಡಿಗೆ ಮಾಡಿಸಿದ್ದೇನೆ, ಅದು ಚೆನ್ನಾಗಿಯೇ ಬಂದಿದೆ. ಆದರೆ ಅದು ನಿಮ್ಮ ಗಾಡಿಗೆ ಆಗುವುದಿಲ್ಲ.

ಟಿ.ಡಿ.ಯ ಮುಂದಿನ ಗಾಜು ಮೇಜಿನ ಹಲಗೆಯಂತೆ ಚಪ್ಪಟೆಯಾಗಿದೆ. ಇಡೀ ಚೌಕಟ್ಟನ್ನೇ ಮುಂದಕ್ಕೆ ಮಡಚಿ ಬಾನೆಟ್ಟಿನ ಕಡೆಗೆ ಮಲಗಿಸಬಹುದು. ಚಪ್ಪಟೆಯಾದ ಲ್ಯಾಮಿನೇಟೆಡ್ ಗಾಜನ್ನು ಕತ್ತರಿಸುವುದು ಕೈಕಸುಬು ಬಲ್ಲವರಿಗೆ ಸಾಧ್ಯ. ನಮ್ಮ ಗದಗಿನಲ್ಲಿ ಕಿಟಕಿ ಗಾಜು, ದೇವರ ಫೋಟೊಗಳ ಕಟ್ಟು ಹಾಕುವ ಹಿರಿಯರೊಬ್ಬರು ಇದನ್ನು ಮಾಡಿಕೊಟ್ಟರು. ಎರಡೂ ಮೈಗೆ, ಒಂದರ ನೇರಕ್ಕೆ ಇನ್ನೊಂದು ಬರುವಂತೆ ವಜ್ರದ ಕಟರ್‌ನಿಂದ ಗೀರಿ, ಮೆಲ್ಲನೆ ತಟ್ಟಿ ಎರಡೂ ಪದರಗಳನ್ನು ಸೀಳಿಸಿದರು. ಆದರೂ ನಡುವಿನ ಪ್ಲಾಸ್ಟಿಕ್ ಪೊರೆ ಎರಡು ತುಂಡುಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಆಗ ಅವರು ಗೀರಿನುದ್ದಕ್ಕೂ ಸ್ಪಿರಿಟ್ ಸುರಿದು ಕಡ್ಡಿ ಗೀರಿದರು. ಒಂದು ಕ್ಷಣ ನೀಲಿ ಉರಿ ಗಾಜಿನ ಮೇಲೆ ಓಡಿತು. ಪೊರೆ ಮೆತ್ತಗಾದೊಡನೆ ತುಂಡುಗಳನ್ನು ಕೂದಲಿನಷ್ಟು ಅಗಲಿಸಿ, ಆ ಸಂದಿಯಲ್ಲಿ ಬ್ಲೇಡ್ ಎಳೆದು ಬೇರ್ಪಡಿಸಿದರು. ನಾನು ಅಲ್ಲಿಯವರೆಗೆ ಉಸಿರು ಬಿಟ್ಟಿರಲಿಲ್ಲ.

ನಿಮ್ಮ ಎಂ.ಜಿ.ಬಿ.ಯ ಗಾಜು ಹಾಗಲ್ಲ. ಅದಕ್ಕೆ ಎಡದಿಂದ ಬಲಕ್ಕೆ ಮೆಲುವಾದ ಬಾಗು ಇದೆ. ಅಂಗಡಿಯಲ್ಲಿ ಮಲಗಿಸಿ ನೋಡಿದಾಗ ಅದು ಅಲ್ಪವೆಂದೇ ಕಾಣುತ್ತದೆ, ಆದ್ದರಿಂದಲೇ ಅವರು ಒಪ್ಪಿಕೊಂಡಿರಬೇಕು. ಚಪ್ಪಟೆ ಗಾಜನ್ನು ಆ ಚೌಕಟ್ಟಿನೊಳಗೆ ಬಲವಂತವಾಗಿ ಬಾಗಿಸಿ ಕೂರಿಸಿದರೆ ಅದು ಅಂದೇ ಒಡೆಯುತ್ತದೆ, ಇಲ್ಲವೆ ಮೊದಲ ಬಿಸಿಲಿಗೆ ಒಡೆಯುತ್ತದೆ. ಬಾಗಿದ ಲ್ಯಾಮಿನೇಟೆಡ್ ಗಾಜನ್ನು ಮಾಡುವ ಬಗೆಯೇ ಬೇರೆ. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಚ್ಚಿನ ಮೇಲೆ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ತಮ್ಮ ತೂಕಕ್ಕೆ ತಾವೇ ಜೋತು ಬೀಳುವಂತೆ ಬಿಡಬೇಕು. ತಣಿದ ಮೇಲೆ ನಡುವೆ ಪಿ.ವಿ.ಬಿ. ಎಂಬ ಪ್ಲಾಸ್ಟಿಕ್ ಪೊರೆಯನ್ನಿಟ್ಟು, ಆಟೊಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಸುಮಾರು 140 ಡಿಗ್ರಿ ಶಾಖ ಮತ್ತು ಹೆಚ್ಚಿನ ಒತ್ತಡದಲ್ಲಿ ಬೆಸೆಯಬೇಕು. ದೊಡ್ಡ ನಗರಗಳಲ್ಲಿ ಹಳೆಯ ಗಾಡಿಗಳಿಗಾಗಿ ಒಂದೊಂದೇ ಗಾಜನ್ನು ಹೀಗೆ ಮಾಡಿಕೊಡುವವರಿದ್ದಾರೆ. ಅವರಿಗೂ ಮಾದರಿಯಾಗಿ ನಿಮ್ಮ ಹಳೆಯ ಗಾಜು ಬೇಕು. ಹೊಸದು ಚೌಕಟ್ಟಿನಲ್ಲಿ ಕೂತು, ಒಂದು ಮಳೆಗಾಲ ಕಳೆಯುವವರೆಗೆ ಹಳೆಯದನ್ನು ಎಸೆಯಬೇಡಿ.

ಆದರೂ ಈ ಒಂದು ಗಾಡಿಯ ಮಟ್ಟಿಗೆ ನಾನು ಇಂಗ್ಲೆಂಡಿನಿಂದಲೇ ತರಿಸಿ ಎನ್ನುತ್ತೇನೆ. 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ 5 ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ಹೊರಬಂದಿವೆ. ಅಲ್ಲಿ ಇಂದಿಗೂ ಇದರ ಗಾಜು, ರಬ್ಬರ್, ಚೌಕಟ್ಟಿನ ಮೂಲೆಯ ಕ್ಲಾಂಪು, ಸ್ಕ್ರೂಗಳವರೆಗೆ ಹೊಸದಾಗಿಯೇ ದೊರೆಯುತ್ತವೆ. 1988ರಿಂದೀಚೆಗೆ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಿದ್ದಾರೆ ಎಂದರೆ ನೀವೇ ಊಹಿಸಿ. ನನ್ನ ಟಿ.ಡಿ.ಗೆ ಈ ಭಾಗ್ಯ ಅರ್ಧದಷ್ಟೂ ಇಲ್ಲ. ಆರ್ಡರ್ ಮಾಡುವಾಗ ‘ರೋಡ್‌ಸ್ಟರ್’ ಎಂದು ಎರಡು ಸಲ ಬರೆಯಿರಿ. ಗಟ್ಟಿ ಛಾವಣಿಯ ಜಿ.ಟಿ. ಮಾದರಿಯ ಗಾಜು ಹೆಚ್ಚು ಎತ್ತರವಾದದ್ದು, ಅದು ನಿಮ್ಮ ಚೌಕಟ್ಟಿಗೆ ಬರುವುದಿಲ್ಲ. ಇನ್ನೊಂದು, ಲ್ಯಾಮಿನೇಟೆಡ್ ಗಾಜನ್ನೇ ಕೇಳಿ. ನಿಮ್ಮದು ಬಿರುಕು ಬಿಟ್ಟರೂ ನಿಂತಿದೆ ಎಂದ ಮೇಲೆ ಅದು ಲ್ಯಾಮಿನೇಟೆಡ್ ಎಂಬುದು ಖಚಿತ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಒಂಟಿ ಪದರದ ಗಾಜು) ಆಗಿದ್ದರೆ ಆ ಕಲ್ಲಿಗೆ ನಿಂತಲ್ಲೇ ನಿಂತಿರುತ್ತಿತ್ತು, ಅಥವಾ ಕಲ್ಲುಸಕ್ಕರೆಯಂತೆ ಪುಡಿಯಾಗಿ ನಿಮ್ಮ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನಡುವಿನ ಸ್ಥಿತಿ ಎಂಬುದು ಅದಕ್ಕಿಲ್ಲ.

ಅಕ್ರಿಲಿಕ್ ವಿಚಾರ ಬಿಟ್ಟುಬಿಡಿ. ನಮ್ಮ ಎರೆಮಣ್ಣಿನ ಧೂಳಿನ ಮೇಲೆ ಎರಡು ಸಲ ವೈಪರ್ ಓಡಿಸಿದರೆ ಸಾಕು, ಎದುರಿನ ದೀಪಕ್ಕೆ ಗಾಜಿನ ಮೇಲೆಲ್ಲ ಜೇಡರಬಲೆ ಕಾಣುತ್ತದೆ.


ಉತ್ತರ: ವರ್ಕ್‌ಶಾಪ್_ಧಾರವಾಡ

ಗದಗಿನವರು ಗಾಜಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದ ಮೇಲೆ ನನಗೆ ಬೇರೊಂದು ಅನುಮಾನ ಬಂದಿದೆ, ಅದನ್ನು ತೀರಿಸಿಕೊಳ್ಳದೆ ಹಣ ಕಳಿಸಬೇಡಿ. ಕಲ್ಲು ಬಡಿದದ್ದು ಎಡಗಡೆ, ಮೇಲೆ. ಬಿರುಕು ಹೊರಟಿರುವುದು ಬಲಗಡೆ, ಕೆಳಮೂಲೆಯಿಂದ. ಎರಡರ ನಡುವೆ ಗಾಜಿನ ಇಡೀ ಅಗಲವೇ ಇದೆ. ಕಲ್ಲಿನ ಏಟಿಗೆ ಆಗುವ ಬಿರುಕು ಏಟು ಬಿದ್ದ ಕುಳಿಯಿಂದಲೇ ಕಾಲು ಚಾಚುತ್ತದೆ. ಅಂಚಿನಿಂದ ಶುರುವಾದ ಬಿರುಕಿಗೆ ಅಂಚಿನಲ್ಲೇ ಕಾರಣವಿರಬೇಕು. ಆ ಟಿಪ್ಪರ್ ಚಾಲಕನನ್ನು ಸದ್ಯಕ್ಕೆ ಒಂದು ಅಪರಾಧದಿಂದ ಬಿಡುಗಡೆ ಮಾಡೋಣ.

ನಾನು ಪಾಲಿಟೆಕ್ನಿಕ್ ಒಂದರ ವರ್ಕ್‌ಶಾಪ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಗಾಜಿಗೆ ಅದುಮುವ ಬಲವನ್ನು ತಡೆಯುವ ಶಕ್ತಿ ಬಹಳ, ಎಳೆಯುವ ಬಲವನ್ನು ತಡೆಯುವ ಶಕ್ತಿ ಕಡಿಮೆ. ಅದರಲ್ಲೂ ಕತ್ತರಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಕಚ್ಚುಗಳಿರುವುದರಿಂದ ಅಲ್ಲಿ ಇನ್ನೂ ಕಡಿಮೆ. ಬಿಸಿಲಿನಲ್ಲಿ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನ ರಬ್ಬರಿನೊಳಗೆ ನೆರಳಿನಲ್ಲಿರುವ ಅಂಚು ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ ಅಂಚು ಎಳೆತಕ್ಕೆ ಸಿಗುತ್ತದೆ. ಸರಿಯಾಗಿ ಕೂತ ಗಾಜು ಇದನ್ನು ಜೀವನವಿಡೀ ಸಹಿಸಿಕೊಳ್ಳುತ್ತದೆ. ಚೌಕಟ್ಟೇ ತಿರುಚಿಕೊಂಡಿದ್ದು, ಮೂಲೆಯಲ್ಲಿ ಮೊದಲೇ ಎಳೆತ ಇದ್ದರೆ, ಬಿಸಿಲು ಅದಕ್ಕೆ ಕೊನೆಯ ಕೈ ಹಚ್ಚುತ್ತದೆ. ನಾಲ್ಕು ದಿನದ ಬಳಿಕ, ಮಧ್ಯಾಹ್ನ, ನಿಂತ ಗಾಡಿಯಲ್ಲಿ ಎಂಬ ನಿಮ್ಮ ಮಾತೇ ನನ್ನ ಅನುಮಾನಕ್ಕೆ ಕಾರಣ.

ಈಗ ಒಂದು ಪರೀಕ್ಷೆ ಮಾಡಿ. ಲ್ಯಾಮಿನೇಟೆಡ್ ಗಾಜು ಎಂದರೆ ಎರಡು ಗಾಜು, ನಡುವೆ ಒಂದು ಪೊರೆ. ಟ್ರಿಪ್ಲೆಕ್ಸ್ ಎಂಬ ಹಳೆಯ ಬ್ರಿಟಿಷ್ ಗಾಜಿನ ಹೆಸರು ಹುಟ್ಟಿದ್ದೇ ಈ ಮೂರು ಪದರಗಳಿಂದ, ನಿಮ್ಮ ಗಾಜಿನ ಮೂಲೆಯಲ್ಲೂ ಆ ಗುರುತಿರಬಹುದು. ಬಿರುಕಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ, ಮೊದಲು ಹೊರಗಿನಿಂದ, ಆಮೇಲೆ ಒಳಗಿನಿಂದ. ಯಾವ ಮೈ ಸೀಳಿದೆಯೋ ಅಲ್ಲಿ ಉಗುರು ತಡೆಯುತ್ತದೆ. ಒಳಮೈ ಮಾತ್ರ ಸೀಳಿದ್ದರೆ ಅದಕ್ಕೂ ಹೊರಗಿನ ಕಲ್ಲಿಗೂ ಸಂಬಂಧವಿಲ್ಲ.

ಆಮೇಲೆ ಚೌಕಟ್ಟನ್ನು ನೋಡಿ. ರೋಡ್‌ಸ್ಟರ್‌ನಲ್ಲಿ ಗಾಜು ಬಾಡಿಗೆ ನೇರವಾಗಿ ಕೂತಿಲ್ಲ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಎರಡು ಕಡೆ ಎರಡು ಕಂಬ, ಎಲ್ಲವೂ ಅಲ್ಯೂಮಿನಿಯಂ. ನಾಲ್ಕು ಮೂಲೆಗಳಲ್ಲಿ ಸ್ಕ್ರೂ. ಈ ಕಂಬಗಳ ಕಾಲುಗಳು ಬಾಡಿಯೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಹಿಂದೆ ಪ್ರತಿ ಬದಿಗೆ ಎರಡೆರಡು ಬೋಲ್ಟುಗಳಿಂದ ಬಿಗಿಯಾಗಿರುತ್ತವೆ. ಕಂಬಕ್ಕೂ ಬಾಡಿಗೂ ನಡುವಿನ ಸಂದಿಯನ್ನು ಪ್ಯಾಕಿಂಗ್ ತುಂಡುಗಳು ತುಂಬಿರಬೇಕು. ಎಷ್ಟು ತುಂಡು ಎಂಬುದಕ್ಕೆ ಲೆಕ್ಕವಿಲ್ಲ, ಎರಡು ಬದಿಗೆ ಸಮ ಇರಬೇಕೆಂಬ ನಿಯಮವೂ ಇಲ್ಲ. ಸಂದಿ ಇರಬಾರದು ಎಂಬುದೊಂದೇ ನಿಯಮ. ಸಂದಿ ಬಿಟ್ಟು ಬೋಲ್ಟ್ ಬಿಗಿದರೆ ಬೋಲ್ಟು ಕಂಬವನ್ನೇ ಬಾಡಿಯ ಕಡೆಗೆ ಎಳೆದುಕೊಳ್ಳುತ್ತದೆ, ಚೌಕಟ್ಟಿನ ಮೂಲೆ ಬಾಯಿ ಬಿಡುತ್ತದೆ, ಆ ಎಳೆತವೆಲ್ಲ ಗಾಜಿನ ಕೆಳಮೂಲೆಗೆ ಬರುತ್ತದೆ. ಕೆಳಮೂಲೆ ಎಂದು ನೀವೇ ಬರೆದಿದ್ದೀರಿ.

ನಡುವಿನ ಕಡ್ಡಿಯನ್ನೂ ಮುಟ್ಟಿ ನೋಡಿ, ಕನ್ನಡಿ ಹಾಕಿರುವ ಆ ಕಡ್ಡಿ. ಅದು ಇರುವುದು ಕನ್ನಡಿಗಾಗಿ ಅಲ್ಲ, ಮೇಲಿನ ಪಟ್ಟಿ ಗಾಳಿಗೆ ಅಲುಗಾಡದಂತೆ ಹಿಡಿಯಲು. ಕೆಲವರು ಕನ್ನಡಿ ನಡುಗುತ್ತದೆಂದು ಅದರ ನಟ್ಟನ್ನು ಬಿಗಿಯುತ್ತಾ ಹೋಗುತ್ತಾರೆ, ಮೇಲಿನ ಪಟ್ಟಿ ಬಿಲ್ಲಾಗುತ್ತದೆ.


ಮರುಮಾತು: ಹಳೆಗಾಡಿ_ವಿದ್ಯಾನಗರ, ಹುಬ್ಬಳ್ಳಿ

ಧಾರವಾಡದ ಹಿರಿಯರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನೆ ಸಂಜೆ ಉಗುರು ಎಳೆದು ನೋಡಿದೆ. ಕಲ್ಲಿನ ಗುರುತು ಹೊರಗಡೆ ತಡೆಯುತ್ತದೆ, ಒಳಗಡೆ ನುಣುಪಾಗಿದೆ. ಉದ್ದ ಬಿರುಕು ಇದಕ್ಕೆ ತದ್ವಿರುದ್ಧ: ಹೊರಗಿನಿಂದ ಉಗುರು ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ, ಒಳಗಿನಿಂದ ಎಳೆದರೆ ಪ್ರತಿ ಸಲವೂ ಟಿಕ್ ಎಂದು ಸಿಕ್ಕಿಕೊಳ್ಳುತ್ತದೆ. ಮೂರು ವಾರದಿಂದ ದಿನವೂ ಗೆರೆ ಎಳೆಯುತ್ತಿದ್ದ ನನಗೆ ಇದು ಹೊಳೆಯಲಿಲ್ಲ.

ಇಂದು ಬೆಳಿಗ್ಗೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದು ಬಲಗಡೆಯ ಮೀಟರುಗಳನ್ನು ಬಿಚ್ಚಿಸಿದೆ. ಅವರು ಟಾರ್ಚ್ ಹಿಡಿದು, ಸಣ್ಣ ಕನ್ನಡಿಯನ್ನು ಒಳಗೆ ತೂರಿಸಿ ಬಹಳ ಹೊತ್ತು ನೋಡಿ, ‘ಗ್ಲಾಸಿಂದೇನೂ ತಪ್ಪಿಲ್ರೀ ಸಾಹೇಬ್ರ, ಫ್ರೇಮ್ ಎಳದು ಕಟ್ಟ್ಯಾರ’ ಎಂದರು. ಎಡಗಡೆ ಎರಡು ಪ್ಯಾಕಿಂಗ್ ತುಂಡುಗಳಿವೆ. ಬಲಗಡೆ ಒಂದೂ ಇಲ್ಲ. ಆ ಜಾಗದಲ್ಲಿ ಕಂಬಕ್ಕೂ ಬಾಡಿಗೂ ನಡುವೆ ಹೊಸ ಪೇಂಟಿನ ಮೇಲೆ ತಿಕ್ಕಾಡಿದ ಗುರುತು ಮಾತ್ರ ಇದೆ. ಕಳೆದ ವರ್ಷ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದಾಗ ಚೌಕಟ್ಟನ್ನು ತೆಗೆದು ಹಾಕಿದ್ದರು. ಬಿಚ್ಚಿಟ್ಟ ಡಬ್ಬಿಯಲ್ಲಿ ಉಳಿದ ತುಂಡುಗಳನ್ನು ಯಾವುದೋ ವಾಷರ್ ಎಂದು ಭಾವಿಸಿ ಗುಡಿಸಿ ಹಾಕಿರಬೇಕು. ಹಣ ಕೊಟ್ಟು ಗಾಡಿ ತರುವಾಗ ನಾನೂ ಬಣ್ಣವನ್ನಷ್ಟೇ ನೋಡಿದ್ದೆ.

ಗಾಜನ್ನು ಇಂಗ್ಲೆಂಡಿನಿಂದ ತರಿಸಲು ನಿರ್ಧರಿಸಿದ್ದೇನೆ. ಗಾಜಿನೊಂದಿಗೆ ಚೌಕಟ್ಟಿನೊಳಗಿನ ರಬ್ಬರ್, ಕೆಳಪಟ್ಟಿಯ ಸೀಲ್, ಪ್ಯಾಕಿಂಗ್ ತುಂಡುಗಳು, ಸ್ಕ್ರೂಗಳನ್ನೂ ಸೇರಿಸಿದ್ದೇನೆ. ಉಳಿದಿರುವುದು ಕೂರಿಸುವ ಪ್ರಶ್ನೆ. ಮನೆ ಹತ್ತಿರದ ವಿಂಡ್‌ಶೀಲ್ಡ್ ಅಂಗಡಿಯವರು ಒಂದೇ ಗಂಟೆಯಲ್ಲಿ ಪೇಸ್ಟಿಂಗ್ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ.


ಉತ್ತರ: ಬಸ್‌ಬಾಡಿ_ರಾಣೆಬೆನ್ನೂರು

ದಯವಿಟ್ಟು ಪೇಸ್ಟಿಂಗ್‌ಗೆ ಒಪ್ಪಬೇಡಿ. ಈಗಿನ ಕಾರುಗಳಲ್ಲಿ ಗಾಜನ್ನು ಯೂರಿಥೇನ್ ಅಂಟಿನಿಂದ ಬಾಡಿಗೇ ಅಂಟಿಸುತ್ತಾರೆ, ಅಲ್ಲಿ ಗಾಜೂ ಬಾಡಿಯ ಬಲದ ಒಂದು ಭಾಗವಾಗಿರುತ್ತದೆ. ನಿಮ್ಮ ಗಾಡಿಯಲ್ಲಿ ಗಾಜು ರಬ್ಬರಿನೊಳಗೆ ಸ್ವಲ್ಪ ತೇಲುತ್ತಿರಬೇಕು. ಅಂಟು ಹಾಕಿದರೆ ಅದು ಅಲುಗಾಡಲು ಜಾಗವಿಲ್ಲದೆ ಮತ್ತೆ ಅದೇ ಮೂಲೆಯಿಂದ ಒಡೆಯುತ್ತದೆ, ಮತ್ತು ಮುಂದಿನ ಸಲ ಚೌಕಟ್ಟನ್ನು ಹಾಳುಮಾಡದೆ ಬಿಚ್ಚಲೂ ಆಗುವುದಿಲ್ಲ. ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಅಂತೂ ಲೋಹವನ್ನು ತಿನ್ನುತ್ತದೆ.

ನಾನು ಇಪ್ಪತ್ತು ವರ್ಷ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಗಾಜು ಕೂರಿಸಿದವನು. ರಬ್ಬರಿನ ತೋಡಿನಲ್ಲಿ ಹುರಿ ಸೇರಿಸಿ, ಒಬ್ಬ ಹೊರಗಿನಿಂದ ಗಾಜನ್ನು ಒತ್ತುತ್ತಿದ್ದರೆ ಇನ್ನೊಬ್ಬ ಒಳಗಿನಿಂದ ಹುರಿ ಎಳೆಯುತ್ತಾ ರಬ್ಬರಿನ ತುಟಿಯನ್ನು ಬಾಡಿಯ ಮೇಲೆ ಹತ್ತಿಸುವ ಕೆಲಸವನ್ನು ನಮ್ಮ ಕಡೆಯ ಬಸ್, ಲಾರಿ, ಅಂಬಾಸಿಡರ್ ಮೇಸ್ತ್ರಿಗಳು ಕಣ್ಣು ಮುಚ್ಚಿ ಮಾಡುತ್ತಾರೆ. ನಿಮ್ಮದು ಜಿ.ಟಿ. ಆಗಿದ್ದರೆ ಅವರಲ್ಲಿ ಯಾರಿಗಾದರೂ ಕೊಡಿ ಎನ್ನುತ್ತಿದ್ದೆ. ರೋಡ್‌ಸ್ಟರ್‌ನ ಕೆಲಸ ಬೇರೆ. ಅದು ಮೇಜಿನ ಮೇಲೆ ಕೂತು ಮಾಡುವ ಕೆಲಸ. ದಾವಣಗೆರೆಯ ಮಾಲೀಕರೊಬ್ಬರಿಗಾಗಿ ಒಮ್ಮೆ ಮಾಡಿದ್ದೇನೆ, ಎರಡು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ಸ್ಕ್ರೂಗಳದ್ದೇ.

ಚೌಕಟ್ಟು ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಐವತ್ತು ವರ್ಷ ಮಳೆನೀರು ಕುಡಿದ ಮೇಲೆ ಈ ಎರಡು ಲೋಹಗಳು ಬಿಳಿ ಬೂದಿಯಂತಹ ತುಕ್ಕಿನಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೂಲೆಯ ಸ್ಕ್ರೂಗಳಿಗೆ ಇಂದಿನಿಂದಲೇ ದಿನಕ್ಕೆರಡು ಸಲ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಇಂಗ್ಲೆಂಡಿನಿಂದ ಪೆಟ್ಟಿಗೆ ಬರುವವರೆಗೆ ನಿಮಗೆ ಬೇರೆ ಕೆಲಸವೂ ಇಲ್ಲ. ತಲೆಗೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಒಂದು ಹದವಾದ ಏಟು ಕೊಟ್ಟು, ಮೊದಲು ಕೂದಲಿನಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ತಲೆ ಹೋಯಿತೆಂದರೆ ಡ್ರಿಲ್ ಹಾಕಿ ಹೊಸ ಆಟೆ (ಸ್ಕ್ರೂ ಹತ್ತುವ ಸುರುಳಿ ಗೆರೆ) ಕೊರೆಸಬೇಕಾಗುತ್ತದೆ. ಬೋಲ್ಟುಗಳು ಮಿಲಿಮೀಟರ್ ಅಳತೆಯವಲ್ಲ, ಇಂಚಿನವು. ಹಳೆಯ ಅಂಬಾಸಿಡರ್ ಇಟ್ಟುಕೊಂಡವರ ಬಳಿ ಇರುವ ಪಾನಾ ಸೆಟ್ಟು ನಿಮಗೆ ಒದಗುತ್ತದೆ. ಆ ಗಾಡಿಯ 1489 ಸಿ.ಸಿ. ಎಂಜಿನ್ನೂ ನಿಮ್ಮದೂ ಒಂದೇ ಬಿ-ಸೀರೀಸ್ ಮನೆತನದವು ತಾನೇ.

ಚೌಕಟ್ಟು ಬಿಡಿಯಾದ ಮೇಲೆ ಹೊಸ ರಬ್ಬರನ್ನು ಗಾಜಿನ ಸುತ್ತ ಹಾಕಿ, ಸಾಬೂನಿನ ನೀರು ಹಚ್ಚಿ ಒಂದೊಂದೇ ಪಟ್ಟಿಯನ್ನು ಸೇರಿಸಿ. ಗ್ರೀಸ್, ಪೆಟ್ರೋಲ್, ಡೀಸೆಲ್ ಯಾವುದನ್ನೂ ರಬ್ಬರಿಗೆ ತಾಕಿಸಬೇಡಿ. ಹೊಸ ರಬ್ಬರ್ ದಪ್ಪವಿರುವುದರಿಂದ ಕೊನೆಯ ಪಟ್ಟಿ ಯಾವಾಗಲೂ ಮೂರು ನಾಲ್ಕು ಮಿಲಿಮೀಟರ್ ದೂರವೇ ನಿಂತು, ಸ್ಕ್ರೂವಿನ ತೂತುಗಳು ಒಂದರ ನೇರಕ್ಕೆ ಒಂದು ಬರುವುದಿಲ್ಲ. ಇಲ್ಲಿ ಸುತ್ತಿಗೆ ಎತ್ತಿದವರ ಗಾಜು ಹೋಗಿದೆ. ಲಾರಿಯ ಸಾಮಾನು ಕಟ್ಟುವ ರ‍್ಯಾಚೆಟ್ ಬೆಲ್ಟನ್ನು ಮೇಲಿಂದ ಕೆಳಕ್ಕೆ ಇಡೀ ಚೌಕಟ್ಟಿನ ಸುತ್ತ ಹಾಕಿ, ಪಟ್ಟಿಗಳಿಗೆ ಬಟ್ಟೆಯ ಮೆತ್ತೆ ಕೊಟ್ಟು, ಒಂದು ಹಲ್ಲು ಬಿಗಿದು ಚಹಾ ಕುಡಿದು ಬನ್ನಿ. ಮತ್ತೊಂದು ಹಲ್ಲು ಬಿಗಿಯಿರಿ. ರಬ್ಬರ್ ತಾನಾಗಿ ತಗ್ಗುತ್ತದೆ. ತೂತುಗಳು ಕೂಡಿದ ಮೇಲೆ ನಾಲ್ಕೂ ಮೂಲೆಗಳ ಸ್ಕ್ರೂಗಳನ್ನು ಕೈಯಲ್ಲೇ ಹತ್ತಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಗಾಡಿಗೆ ಇಳಿಸುವಾಗ ಇನ್ನೊಂದು ತೊಡಕು ಬರುತ್ತದೆ. ಕೆಳಪಟ್ಟಿಯ ಹೊಸ ಸೀಲ್ ಬಾಡಿಯ ಮೇಲೆ ಕೂತು ಇಡೀ ಚೌಕಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಒಳಗಿನ ಬೋಲ್ಟುಗಳ ತೂತು ಕಾಣದೇ ಹೋಗುತ್ತದೆ. ಸೀಲನ್ನು ಹಿಂದಿನ ದಿನವೇ ಬಿಸಿಲಿಗಿಟ್ಟು ಮೆತ್ತಗೆ ಮಾಡಿ. ಇಬ್ಬರು ಎರಡು ಕಂಬಗಳ ಮೇಲೆ ಸಮನಾಗಿ ಭಾರ ಬಿಟ್ಟು ಕೆಳಗೆ ಒತ್ತುತ್ತಿರಲಿ, ಮೂರನೆಯವನು ಒಳಗೆ ಮಲಗಿ ಬೋಲ್ಟ್ ಹತ್ತಿಸಲಿ. ಮೇಲಿನ ಪಟ್ಟಿಯ ನಡುವೆ ಯಾರೂ ಕೈಯಿಡಬಾರದು. ಬೋಲ್ಟುಗಳನ್ನು ಅರ್ಧ ಹತ್ತಿಸಿ, ಸಂದಿಯನ್ನು ನೋಡಿ ಪ್ಯಾಕಿಂಗ್ ತುಂಬಿ, ಆಮೇಲೆ ಪೂರ್ತಿ ಬಿಗಿಯುವುದು. ನಡುವಿನ ಕಡ್ಡಿಯದು ಎಲ್ಲಕ್ಕಿಂತ ಕೊನೆ, ಅದಕ್ಕೆ ಎರಡು ಬೆರಳಿನ ಬಲ ಸಾಕು.

ಪಾರ್ಸೆಲ್ ಬಂದಾಗ ಗಾಜನ್ನು ಯಾವತ್ತೂ ಮಲಗಿಸಬೇಡಿ. ನಿಲ್ಲಿಸಿ ತರಬೇಕು, ನಿಲ್ಲಿಸಿ ಇಡಬೇಕು. ಮರದ ಪೆಟ್ಟಿಗೆಯಲ್ಲಿ ಕಳಿಸಲು ಬರೆಯಿರಿ, ಸಾಗಣೆ ವಿಮೆ ಮಾಡಿಸಿ, ಮತ್ತು ಪೆಟ್ಟಿಗೆ ತೆರೆಯುವ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ.


ಉತ್ತರ: ಪಾಲಿಸಿ_ಹಾವೇರಿ

ವಿಮೆಯ ಪ್ರಶ್ನೆ ಹಾಗೆಯೇ ಉಳಿದಿದೆ. ನಿಮ್ಮದು ಥರ್ಡ್ ಪಾರ್ಟಿ ಮಾತ್ರ ಆಗಿದ್ದರೆ ಏನೂ ಸಿಗುವುದಿಲ್ಲ. ಸಮಗ್ರ ಪಾಲಿಸಿ ಇದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಡಿತ ಇಲ್ಲ, ರಬ್ಬರಿಗೆ ಶೇಕಡಾ 50 ಕಡಿಯುತ್ತಾರೆ. ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ನೀವೂ ಕಂಪನಿಯೂ ಒಪ್ಪಿಕೊಂಡು ಪಾಲಿಸಿಯಲ್ಲಿ ಬರೆದಿರುತ್ತೀರಿ. ನವೀಕರಿಸುವಾಗ ಅದನ್ನು ಓದದೆ ಸಹಿ ಮಾಡುವವರೇ ಹೆಚ್ಚು. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಆದ್ದರಿಂದ ಎರಡನ್ನೂ ತೂಗಿ ನೋಡಿ.

ಆದರೆ ಒಂದು ಮಾತು. ಈಗ ನಿಮಗೇ ತಿಳಿದಿರುವಂತೆ ಉದ್ದ ಬಿರುಕಿಗೆ ಕಾರಣ ಅಪಘಾತವಲ್ಲ, ಜೋಡಣೆಯ ದೋಷ. ಸರ್ವೇಯರ್ ಬಂದಾಗ ಎಲ್ಲವನ್ನೂ ಕಲ್ಲಿನ ಮೇಲೆ ಹಾಕಬೇಡಿ. ಕಲ್ಲಿನ ಗುರುತನ್ನೂ ಬಿರುಕನ್ನೂ ಬೇರೆ ಬೇರೆಯಾಗಿ ತೋರಿಸಿ, ಏನು ಕೊಡುತ್ತಾರೋ ನೋಡಿ. ಗಾಜು ಬಿಚ್ಚುವ ಮೊದಲೇ ತಿಳಿಸಬೇಕು ಎಂಬುದನ್ನು ಮರೆಯಬೇಡಿ.


ಮರುಮಾತು: ಹಳೆಗಾಡಿ_ವಿದ್ಯಾನಗರ, ಹುಬ್ಬಳ್ಳಿ

ಎಂಟು ವಾರಗಳ ಬಳಿಕ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ವಿಮೆ ಕೇಳಲಿಲ್ಲ, ಬೋನಸ್ ಲೆಕ್ಕ ಹಾಕಿದರೆ ಲಾಭವಿರಲಿಲ್ಲ, ಕಾರಣ ಹೇಳುವ ಮುಜುಗರವೂ ಬೇಡವೆನಿಸಿತು. ಗಾಜಿನ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಹೆಚ್ಚಾಯಿತು ಎಂಬುದನ್ನು ಮುಂದೆ ತರಿಸುವವರ ತಿಳಿವಳಿಕೆಗಾಗಿ ಬರೆಯುತ್ತಿದ್ದೇನೆ: ಸುಂಕವನ್ನು ಗಾಜಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ವೆಚ್ಚ ಮತ್ತು ಸಾಗಣೆ ವಿಮೆಯನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ.

ಹಳೆಯ ಚೌಕಟ್ಟನ್ನು ಬಿಚ್ಚಿದ ದಿನ ನಾನು ಗಾಡಿಯ ಮುಂದೆಯೇ ನಿಂತಿದ್ದೆ. ಬಲಗಡೆಯ ಎರಡನೆಯ ಬೋಲ್ಟ್ ಸಡಿಲವಾದ ಕೂಡಲೇ ಕಂಬ ಟಕ್ ಎಂದು ಒಳಕ್ಕೆ ಹಾರಿತು, ಬಾಡಿಗೂ ಅದಕ್ಕೂ ನಡುವೆ ಬೆಂಕಿಕಡ್ಡಿ ಹೋಗುವಷ್ಟು ಸಂದಿ ಬಿತ್ತು. ಅಷ್ಟು ದಿನ ಬೆಳ್ಳಗೆ ಹೊಳೆಯುತ್ತಿದ್ದ ಬಿರುಕು ಅದೇ ಕ್ಷಣ ಮುಚ್ಚಿಕೊಂಡು, ಓರೆಯಾಗಿ ನೋಡಿದರೆ ಮಾತ್ರ ಕಾಣುವ ಎಳೆಯಾಯಿತು. ಮೆಕ್ಯಾನಿಕ್ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಮೂಲೆಯ ಸ್ಕ್ರೂಗಳಲ್ಲಿ ಎರಡು ಮುರಿದವು, ಉಳಿದವು ರಾಣೆಬೆನ್ನೂರಿನವರು ಹೇಳಿದ ಉಪಾಯಕ್ಕೆ ಬಂದವು. ಬೆಲ್ಟಿನ ಕೆಲಸಕ್ಕೆ ನಾಲ್ಕು ಚಹಾ ಹಿಡಿಯಿತು. ಬಲಗಡೆ ಮೂರು ಪ್ಯಾಕಿಂಗ್ ತುಂಡುಗಳು ಬೇಕಾದವು, ಎಡಗಡೆ ಹಳೆಯ ಎರಡೇ ಸಾಕಾದವು. ಪೈಪಿನಿಂದ ನೀರು ಬಿಟ್ಟು ನೋಡಿದಾಗ ಎಡಗಡೆಯ ಕೆಳಮೂಲೆಯಲ್ಲಿ ಹನಿ ಇಳಿಯಿತು. ಸೀಲನ್ನು ಅಲ್ಲಿ ಸ್ವಲ್ಪ ಗಿಡ್ಡ ಕತ್ತರಿಸಿದ್ದೆವು. ಹೆಚ್ಚುವರಿಯಾಗಿ ತರಿಸಿದ್ದ ಸೀಲನ್ನು ಬೆರಳಗಲ ಉದ್ದ ಬಿಟ್ಟು ಹಾಕಿದ ಮೇಲೆ ನಿಂತಿದೆ.

ಹಳೆಯ ಗಾಜನ್ನು ಶೆಡ್ಡಿನ ಗೋಡೆಗೆ ನಿಲ್ಲಿಸಿ ಇಟ್ಟಿದ್ದೇನೆ. ಕಲ್ಲಿನ ನಕ್ಷತ್ರ, ಉದ್ದ ಬಿರುಕು, ನನ್ನ ಮಾರ್ಕರ್ ಗೆರೆಗಳು ಎಲ್ಲವೂ ಅದರಲ್ಲಿವೆ, ಬಾಗು ಮಾತ್ರ ಕೆಟ್ಟಿಲ್ಲ. ಮಳೆಗಾಲ ಮುಗಿದ ಮೇಲೆ ರೋಡ್‌ಸ್ಟರ್‌ಗೆ ಗಾಜು ಮಾಡಿಸಲು ಯಾರಿಗಾದರೂ ಮಾದರಿ ಬೇಕಿದ್ದರೆ ಇಲ್ಲಿ ತಿಳಿಸಿ, ಬಂದು ಒಯ್ಯಬಹುದು.